ಒಂದೇ ಸಾಕು ಎಂಬ ಸಣ್ಣ ಗುಂಡು

ಮಾದೇಶ, ವೀಣಾ,

ಮೊನ್ನೆ ನೀವಿಬ್ಬರೂ ನನ್ನ ಎಲೆಅಡಿಕೆ ಪೆಟ್ಟಿಗೆಯನ್ನು ನನ್ನನ್ನು ಕೇಳದೆ ಬಿಚ್ಚಿದಿರಿ. ಅದಕ್ಕೆ ಬೈಯಲು ಇದನ್ನು ಬರೆಯುತ್ತಿಲ್ಲ. ಸುಣ್ಣದ ಡಬ್ಬಿಯ ಕೆಳಗೆ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ತಾಮ್ರದ ಬಣ್ಣದ ಪುಟ್ಟ ಹೂವೊಂದು ಸಿಕ್ಕಿತಲ್ಲ, ವೀಣಾ ಅದನ್ನು ಕಿವಿಗೆ ಹಿಡಿದು ಕನ್ನಡಿಯ ಮುಂದೆ ನಿಂತು, "ಅಜ್ಜಿ, ಓಲೆ ಚೆನ್ನಾಗದೆ. ಇದರ ಜೊತೇದು ಎಲ್ಲಿ?" ಎಂದು ಕೇಳಿದಳು. ಮಾದೇಶ ಮಧ್ಯೆ ಬಾಯಿ ಹಾಕಿ, "ಅಡಿಕೆ ಅಂತ ಅಗಿದು ನುಂಗಿರ್ತದೆ ಬುಡು" ಎಂದ. ಪಕ್ಕದ ಮನೆಯವರು ಕೂತಿದ್ದರು, ನಕ್ಕರು. ನಾನೂ ನಕ್ಕು ಸುಮ್ಮನಾದೆ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿಮಗೇ ಗೊತ್ತು. ಯಳಂದೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಓಲೆಯಲ್ಲ. ಬಂದೂಕದ ಗುಂಡು.

ಗುಂಡು ಎಂದ ಕೂಡಲೇ ಮಾದೇಶನ ಕಣ್ಣು ಅಗಲವಾಗಿರುತ್ತದೆ, ಮುಖ ನೋಡದೆಯೇ ಹೇಳಬಲ್ಲೆ. ಮೊದಲೇ ಹೇಳಿಬಿಡುತ್ತೇನೆ ಮಗ, ಇದರಲ್ಲಿ ಹುಲಿ ಬರುವುದಿಲ್ಲ. ಎಮ್ಮೆ ಬರುತ್ತದೆ.

ಬಂದೂಕ ನನಗೆ ಹೊಸದಾಗಿರಲಿಲ್ಲ. ನಮ್ಮ ಅಪ್ಪನ ಹತ್ತಿರವೂ ಒಂದಿತ್ತು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಚಿಂದಿ ತುರುಕಿ, ಕಂಬಿಯಲ್ಲಿ ಜಡಿದು, ಆಮೇಲೆ ಗುಂಡು ಇಳಿಸುವಂಥದ್ದು. ಗುಂಡು ನಮ್ಮ ಅಡಿಗೆಮನೆಯಲ್ಲೇ ತಯಾರಾಗುತ್ತಿತ್ತು. ಸೀಸವನ್ನು ಹಳೆಯ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಆ ಸೌಟನ್ನು ಅವ್ವ ಮತ್ತೆ ಒಳಗೆ ಸೇರಿಸುತ್ತಿರಲಿಲ್ಲವಾದ್ದರಿಂದ ವರ್ಷಕ್ಕೊಂದು ಸೌಟು ನಮ್ಮ ಮನೆಯಲ್ಲಿ ಕುಲಗೆಡುತ್ತಿತ್ತು. ಗುಂಡು ನೆಲ್ಲಿಕಾಯಿಯಷ್ಟು ದಪ್ಪ. ಅಳಗುಳಿಮಣೆಯ ಹುಣಸೆಬೀಜ ಕಳೆದುಹೋದಾಗ ನಾನೂ ನನ್ನ ತಂಗಿಯೂ ಅಪ್ಪನ ಗುಂಡುಗಳನ್ನೇ ಕದ್ದು ಆಡುತ್ತಿದ್ದೆವು. ಅಪ್ಪ ಅದರಿಂದ ಒಂದು ಇಲಿಯನ್ನಾದರೂ ಕೊಂದದ್ದು ನನಗೆ ನೆನಪಿಲ್ಲ. ಕಬ್ಬಿಗೆ ಹಂದಿ ಬಂದರೆ ಆಕಾಶದ ಕಡೆ ಹಾರಿಸುತ್ತಿದ್ದರು. ಹಂದಿ ಆಚೆ ಓಡುತ್ತಿತ್ತು, ಅಪ್ಪ ಈಚೆ ಓಡುತ್ತಿದ್ದರು, ಹೊಗೆ ಮಾತ್ರ ಇದ್ದಲ್ಲೇ ನಿಂತಿರುತ್ತಿತ್ತು. ಅಪ್ಪನಿಗೂ ಬೇಕಾದದ್ದು ಅಷ್ಟೇ. ಬಂದೂಕ ಎಂದರೆ ದೊಡ್ಡ ತಮಟೆ ಎಂದು ತಿಳಿದೇ ನಾನು ಬೆಳೆದೆ.

ಮದುವೆಯಾಗಿ ಹನೂರಿನ ಹತ್ತಿರದ ಅಜ್ಜೀಪುರಕ್ಕೆ ಬಂದೆ. ಆಗ ಯಳಂದೂರು ಮೈಸೂರು ಸೀಮೆ. ಕೊಳ್ಳೇಗಾಲ, ಹನೂರು ಎಲ್ಲ ಮದ್ರಾಸಿನವರ ಕೈಯಲ್ಲಿತ್ತು. ಅಪ್ಪ ನನ್ನ ಜೊತೆ ಒಂದು ಎಮ್ಮೆಯನ್ನೂ ಕಳಿಸಿದರು. ಹಣೆಯಲ್ಲಿ ಬಿಳಿ ಬೊಟ್ಟು ಇದ್ದದ್ದರಿಂದ ಅದಕ್ಕೆ ಚುಕ್ಕಿ ಎಂದು ಹೆಸರು. ಒಂದು ಸೀಮೆ ಬಿಟ್ಟು ಇನ್ನೊಂದು ಸೀಮೆಗೆ ಬಂದವರು ಆ ಮನೆಯಲ್ಲಿ ನಾವಿಬ್ಬರೇ.

ಈಗ ನಿಮ್ಮ ತಾತನ ಅಣ್ಣನ ವಿಷಯ ಹೇಳಬೇಕು. ನಂಜುಂಡಪ್ಪನವರು. ಹೆಸರು ಬರೆಯುವಾಗ ಈಗಲೂ ಕೈ ಹಿಂದೆಗೆಯುತ್ತದೆ. ನನಗೆ ಅವರು ಭಾವ. ಮನೆಗೆ ಹಿರಿಯ ಮಗ, ಮಾವನವರು ಹೋದ ಮೇಲೆ ಯಜಮಾನರು. ಆ ಕಾಲಕ್ಕೆ ತಮ್ಮನ ಹೆಂಡತಿ ಭಾವನ ಎದುರು ನಿಲ್ಲಬಾರದು, ಅವರು ಕೂತಿರುವಾಗ ತಾನು ಕೂರಬಾರದು, ಬಾಯಿಬಿಟ್ಟು ಮಾತನಾಡಿಸುವುದಂತೂ ಕೂಡದು. ಆದರೆ ಮನೆಯೆಂದ ಮೇಲೆ ಮಾತು ಬಿದ್ದೇ ಬೀಳುತ್ತದಲ್ಲ. ಅದಕ್ಕೆ ದಾರಿಯೂ ಇತ್ತು. ಮಕ್ಕಳಿದ್ದ ಮನೆಯಲ್ಲಿ ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಆಗ ಮಕ್ಕಳಿರಲಿಲ್ಲ. ನಾನು ಚುಕ್ಕಿಗೆ ಹೇಳುತ್ತಿದ್ದೆ.

ಭಾವ ಜಗಲಿಯಲ್ಲಿ ಕೂತಿದ್ದರೆ ನಾನು ಪಕ್ಕದ ಕೊಟ್ಟಿಗೆಯಲ್ಲಿ ಚುಕ್ಕಿಯ ಮೈ ತಿಕ್ಕುತ್ತ, "ಚುಕ್ಕಿ, ನಿನ್ ಹಿಂಡಿ ಮುಗುದೋಗದೆ ಕಣೇ. ಕೊಳ್ಳೇಗಾಲಕ್ಕೆ ಯಾರಾದ್ರೂ ಓದ್ರೆ ತಂದಾರು" ಎನ್ನುತ್ತಿದ್ದೆ. ಸಂತೆಯ ದಿನ ಹಿಂಡಿ ಬರುತ್ತಿತ್ತು. ಅವರಿಗೂ ಇದು ರೂಢಿಯಾಯಿತು. ಕೊಟ್ಟಿಗೆಯ ಕಡೆ ಮುಖ ಮಾಡದೆ, "ಚುಕ್ಕಿ, ಮಜ್ಜಿಗೇಲಿ ಉಪ್ಪು ಜಾಸ್ತಿ ಆಯ್ತು ಅಂತ ಏಳವ್ವ" ಎನ್ನುತ್ತಿದ್ದರು. ಚುಕ್ಕಿ ಮೆಲುಕು ಹಾಕುತ್ತ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನಗಿದ್ದ ಬಾಯಿ ಎಂದರೆ ಆ ಎಮ್ಮೆಯದೇ. ಇದನ್ನು ಮರೆಯದೆ ಮುಂದಕ್ಕೆ ಓದಿ.

ಬಿಳಿಗಿರಿರಂಗನ ಬೆಟ್ಟದ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ನಿಂತಾಗ ಮನೆಯ ಸಾಮಾನನ್ನೆಲ್ಲ ಮಾರಿದ. ಬೇರೆಯವರು ಮೇಜು ತಂದರು, ಕುರ್ಚಿ ತಂದರು, ಒಬ್ಬರು ಪಿಂಗಾಣಿ ಬೋಗುಣಿ ತಂದು ದೋಸೆ ಹಿಟ್ಟಿಗೆ ಇಟ್ಟುಕೊಂಡರು. ನಮ್ಮ ಭಾವ ರೈಫಲು ತಂದರು. ಬೆಳೆ ಕಾಯುವುದಕ್ಕೆ ಎಂದು ಅರ್ಜಿ ಬರೆಸಿ, ಜಿಲ್ಲಾ ಕಚೇರಿಯಿದ್ದ ಕೊಯಮತ್ತೂರಿಗೆ ಅಲೆದು, ಲೈಸೆನ್ಸು ಮಾಡಿಸಿದರು. ನೋಡಲು ಚೆಂದವಿತ್ತು, ಸುಳ್ಳು ಹೇಳಬಾರದು. ಮರದ ಹಿಡಿ ಎಣ್ಣೆ ಹಚ್ಚಿದ ಮಣೆಯ ಹಾಗೆ ಹೊಳೆಯುತ್ತಿತ್ತು. ಆದರೆ ನಳಿಗೆಯ ಬಾಯಿ ನೋಡಿದರೆ ನನ್ನ ಕಿರುಬೆರಳೂ ಹೋಗುವಂತಿರಲಿಲ್ಲ. ಗುಂಡು ನಮ್ಮ ಅಪ್ಪನ ನೆಲ್ಲಿಕಾಯಿಯ ಮುಂದೆ ಜೀರಿಗೆ.

ಆ ಜೀರಿಗೆಯ ಮಹಿಮೆಯನ್ನು ದೊರೆ ಭಾವನವರಿಗೆ ಹೇಳಿದ್ದನಂತೆ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟಿದ್ದ. ಭಾವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಓದಿ ಹೇಳಲು ಹನೂರಿನಿಂದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಮೇಷ್ಟ್ರಿಗೆ ಬಂದೂಕ ಹಿಡಿಯಲು ಬರುತ್ತಿರಲಿಲ್ಲ. ಹೀಗೆ ಅರ್ಧ ಅರ್ಧ ತಿಳಿದ ಇಬ್ಬರು ಸೇರಿ ಜಗಲಿಯ ಮೇಲೆ ಸಾಯಂಕಾಲವೆಲ್ಲ ಗುಂಡಿನ ಶಾಸ್ತ್ರ ನಡೆಸುತ್ತಿದ್ದರು. ನಾನು ಒಳಗೆ ಮುದ್ದೆ ತಿರುವುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಹಾಗಾಗಿ ಆ ಶಾಸ್ತ್ರ ನನಗೂ ಬರುತ್ತದೆ.

"ಆಫ್ರಿಕದಲ್ಲಿ ಒಬ್ಬ ದೊರೆ ಇದ್ದನಂತೆ ಕಣ್ರಿ ಮೇಷ್ಟ್ರೇ. ಇಂಥಾ ಸಣ್ಣ ಗುಂಡಲ್ಲೇ ಆನೆ ಒಡ್ದು ಮಲಗಿಸ್ಬುಡೋನಂತೆ. ದಪ್ಪ ಗುಂಡು ಯಾಕೆ? ಬುಜ ನೋವು. ಒಂದೇ ಸಾಕು" ಎನ್ನುವರು ಭಾವ.

"ಆನೆಗೆ ಗೊತ್ತಾಗದಾ, ಗುಂಡು ಬಿದ್ದದ್ದು?"

"ತಲೇಲಿ ಒಂದು ಜಾಗ ಅದೆ. ಅಲ್ಲಿಗೇ ಒಡೀಬೇಕು."

"ಎಲ್ಲದೆ ಅದು?"

"ಕಣ್ಣಿಗೂ ಕಿವಿಗೂ ನಡುವೆ. ಆನೆ ಅಲ್ಲಾಡ್ದೆ ನಿಂತ್ರೆ ಕಾಣ್ತದೆ."

"ನೀವು ಒಡಿಯೋಗಂಟ ಅಲ್ಲಾಡ್ಬೇಡ ಅಂತ ಅದಕ್ಕೆ ಏಳೋರು ಯಾರು ಸ್ವಾಮಿ?"

ಆಫ್ರಿಕದ ಆ ದೊರೆ ಸತ್ತ ಆನೆಯ ತಲೆಯನ್ನು ಗರಗಸದಲ್ಲಿ ಸೀಳಿಸಿ, ಒಳಗೆ ಏನೇನು ಎಲ್ಲೆಲ್ಲಿದೆ ಎಂದು ನೋಡಿಕೊಂಡಿದ್ದನಂತೆ. ಅದನ್ನೂ ಮೇಷ್ಟ್ರೇ ಓದಿ ಹೇಳಿದರು. ನಮ್ಮ ಭಾವ ಕುಂಬಳಕಾಯಿಯ ಒಳಗನ್ನೂ ನೋಡಿದವರಲ್ಲ. ಹೋಳಾಗಿ, ಬೆಂದು, ತಟ್ಟೆಗೆ ಬಂದ ಮೇಲೆಯೇ ಅವರಿಗೆ ಅದರ ಪರಿಚಯ. ಆ ದೊರೆಗೆ ಒಂದು ಸಾಕಾದರೆ ಇವರಿಗೂ ಒಂದು ಸಾಕು ಎಂದು ಹೇಗೆ ತೀರ್ಮಾನಿಸಿದರೋ. ಒಳ್ಳೆಯ ಅಡಿಗೆಯವಳ ಸೌಟನ್ನು ಕೊಂಡು ತಂದರೆ ಸಾರು ತಾನಾಗಿ ಕುದಿಯುತ್ತದೆಂದು ತಿಳಿಯುವ ಹೆಂಗಸನ್ನು ನಾನಂತೂ ಕಂಡಿಲ್ಲ.

ಇನ್ನು ಗುಂಡಿನಲ್ಲೂ ಎರಡು ಬಗೆ. ಒಂದರ ಮೈಗೆ ತುದಿಯವರೆಗೂ ತಾಮ್ರದ ಕವಚ. ಅದು ಬಿರುಸು, ಹೊಕ್ಕರೆ ನೇರವಾಗಿ ಆಳಕ್ಕೆ ಹೋಗುತ್ತದೆ. ಇನ್ನೊಂದರ ತುದಿಯಲ್ಲಿ ಒಳಗಿನ ಸೀಸ ಹೊರಗೆ ಕಾಣುತ್ತದೆ. ಮೇಷ್ಟ್ರು ಅದಕ್ಕೆ 'ಮೆದುಮೂಗಿನ ಗುಂಡು' ಎಂದು ಕನ್ನಡ ಮಾಡಿದರು. ಅದು ತಾಗಿದ ಕೂಡಲೇ ಹೂವಿನ ಹಾಗೆ ಅರಳಿಕೊಳ್ಳುತ್ತದಂತೆ. ಜಿಂಕೆಯಂಥ ತೆಳು ಚರ್ಮಕ್ಕೆ ಮೆದುಮೂಗು, ಕಾಡೆಮ್ಮೆಯಂಥ ದಪ್ಪ ಚರ್ಮಕ್ಕೆ ಕವಚದ್ದು ಎಂದು ಪುಸ್ತಕದಲ್ಲಿ ಬರೆದಿತ್ತು. ಸಣ್ಣ ರೈಫಲಿನವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು ಎಂದೂ ಇತ್ತು. ಮೇಷ್ಟ್ರು ಬೆರಳಿಟ್ಟು ಎರಡು ಸಲ ಓದಿದರು.

ಭಾವನವರಿಗೆ ಹೂವು ಹಿಡಿಸಿತು.

"ಬರೀ ತೂತು ಮಾಡ್ಕಂಡು ಆಚೆಗೆ ಓಗೋ ಗುಂಡು ಯಾತುಕ್ಕೆ? ಒಳುಗೋಗಿ ಅರಳ್ಬೇಕು ಕಣ್ರಿ, ಊವು ಅರಳ್ದಂಗೆ."

"ಒಳುಗೆ ಓಗೋಕ್ ಮುಂಚೇನೇ ಅರಳ್ಬುಟ್ರೆ?"

"ಯಾಕೆ ಅರಳ್ತದೆ?"

"ಬಾಗ್ಲಲ್ಲೇ ಕೊಡೆ ಬಿಚ್ಚುದ್ರೆ ಒಳುಗೆ ಓಗೋಕಾಯ್ತದಾ ಸ್ವಾಮಿ?"

ಮೇಷ್ಟ್ರು ಆಡಿದ ಮಾತುಗಳಲ್ಲೆಲ್ಲ ಇದೊಂದು ನನಗೆ ಮೆಚ್ಚುಗೆಯಾಯಿತು. ಗೋಣಿಚೀಲ ಹೊಲಿಯಲು ನಾವು ದಬ್ಬಳ ತೆಗೆದುಕೊಳ್ಳುತ್ತೇವೆ, ರವಿಕೆಗೆ ಸೂಜಿ. ಸೂಜಿಯಲ್ಲೇ ಗೋಣಿ ಹೊಲಿಯುತ್ತೇನೆ ಎನ್ನುವವರು ಗಟ್ಟಿ ಸೂಜಿಯನ್ನಾದರೂ ಆರಿಸಿಕೊಳ್ಳಬೇಕು. ಭಾವ ತುದಿ ಮೊಂಡಾಗುವ ಸೂಜಿಯನ್ನೇ ಬೇಕೆಂದು ಆರಿಸಿಕೊಂಡು ಡಬ್ಬಿಗಟ್ಟಲೆ ತರಿಸಿದರು. ಆಯುಧಪೂಜೆಯ ದಿನ ರೈಫಲಿಗೆ ವಿಭೂತಿ ಹಚ್ಚಿ, ಮುಂದೆ ಆ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಹೂವಿನ ಎಸಳು ಇಟ್ಟರು. ಪಕ್ಕದಲ್ಲಿ ನನ್ನ ಈಳಿಗೆಮಣೆಯೂ ಇತ್ತು. ಅದು ದಿನವೂ ಕೆಲಸ ಮಾಡುವಂಥದ್ದು. ಅದಕ್ಕೆ ಎಸಳು ಉಳಿಯಲಿಲ್ಲ.

ನಮ್ಮದು ಶಿವಪೂಜೆಯಾಗದೆ ಬಾಯಿಗೆ ನೀರು ಬಿಡದ ಮನೆ. ಹೊಸಿಲು ದಾಟಿ ಒಂದು ಮೊಟ್ಟೆ ಒಳಗೆ ಬಂದದ್ದಿಲ್ಲ. ಅಂಥ ಮನೆಯಲ್ಲಿ ಕಡವೆಯ ಎದೆ ಯಾವುದು, ಕಾಡೆಮ್ಮೆಯ ಗುಂಡಿಗೆ ಎಲ್ಲಿ ಬರುತ್ತದೆ ಎಂಬ ಮಾತು. ನಮ್ಮ ಅತ್ತೆ ಕೇಳಿ ಕೇಳಿ ಸಾಕಾಗಿ, "ತಿನ್ನಾಕಿಲ್ಲ, ಮಾರಾಕಿಲ್ಲ. ಮತ್ಯಾಕ್ಲಾ ಒಡೀತೀಯೆ?" ಎಂದು ಕೇಳಿದರು.

"ಬೆಳೆ ಕಾಯಾಕೆ ಕಣವ್ವ."

"ನಮ್ ಬೆಳೆ ಈ ಹೊಲ್ದಲ್ಲಿ ಅದೆ. ನೀನು ಬೆಟ್ಟುಕ್ ಓಗಿ ಕಾಯ್ತಾ ಇದ್ದೀಯಲ್ಲ."

ಭಾವ ಬೆಟ್ಟದ ತಪ್ಪಲಿಗೆ ಹೋಗುತ್ತಿದ್ದರು, ಹಾರಿಸುತ್ತಿದ್ದರು, ಹಿಂದಿರುಗುತ್ತಿದ್ದರು. ಏನಾಯಿತು ಎಂದು ಮೇಷ್ಟ್ರು ಕೇಳಿದರೆ ಯಾವಾಗಲೂ ಒಂದೇ ಉತ್ತರ. "ಬಿತ್ತು ಗುಂಡು. ಬಿದ್ದದ್ದು ಕಂಡೆ. ಮುಂದುಕ್ಕೋಗಿ ಸತ್ತಿರ್ತದೆ." ಕಡವೆ ಮುಂದಕ್ಕೆ ಹೋಗಿ ಸತ್ತಿತು. ಹಂದಿ ಮುಂದಕ್ಕೆ ಹೋಗಿ ಸತ್ತಿತು. ಎರಡು ಸುಗ್ಗಿ ಕಳೆಯುವ ಹೊತ್ತಿಗೆ ಆ ಕಾಡಿನಲ್ಲಿ 'ಮುಂದಕ್ಕೆ' ಎಂಬ ಒಂದು ಜಾಗ ಇದ್ದು, ಅಲ್ಲಿ ಪ್ರಾಣಿಗಳ ಹೆಣ ರಾಶಿ ಬಿದ್ದಿರಬೇಕು ಎಂದು ನನಗೆ ಅನ್ನಿಸತೊಡಗಿತ್ತು. ಒಂದನ್ನಾದರೂ ಯಾರೂ ಕಾಣಲಿಲ್ಲ. ತಿನ್ನುವವರು ಜೊತೆಗಿದ್ದಿದ್ದರೆ ರಕ್ತದ ಜಾಡು ಹಿಡಿದು ಹೋಗಿ ಹುಡುಕುತ್ತಿದ್ದರು. ಸತ್ತಿದ್ದರೆ ತರುತ್ತಿದ್ದರು, ಕುಂಟುತ್ತಿದ್ದರೆ ಮುಗಿಸಿ ತರುತ್ತಿದ್ದರು. ನಮ್ಮದು ತಿನ್ನದ ಮನೆ. ಹಾರಿಸಿದವರಿಗೆ ಊಟ ಮನೆಯಲ್ಲಿ ಬೆಂದು ಕಾದಿರುತ್ತಿತ್ತು. ಹುಡುಕುವ ಹಸಿವು ಯಾರಿಗೆ? ಆ ಜೀರಿಗೆಯನ್ನು ಮೈಯಲ್ಲಿ ಇಟ್ಟುಕೊಂಡು ಯಾವ ಕಡವೆ ಯಾವ ಹಳ್ಳದಲ್ಲಿ ಎಷ್ಟು ದಿನ ನರಳಿತೋ ಎಂದು ಯೋಚಿಸಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೇಳುವುದಕ್ಕೆ ಬಾಯಿಲ್ಲ. "ಚುಕ್ಕಿ, ಪಾಪ ಅಲ್ವೇನೇ" ಎಂದು ಕೊಟ್ಟಿಗೆಯಲ್ಲಿ ಒಂದು ಸಲ ಗಟ್ಟಿಯಾಗಿ ಹೇಳಿದೆ. ಜಗಲಿಯಿಂದ ಚುಕ್ಕಿಗೆ ಉತ್ತರ ಬರಲಿಲ್ಲ.

ಹುರುಳಿ ಕಾಯಿ ಕಟ್ಟುವ ಕಾಲ ಬಂತು. ಕಾಡಂಚಿನ ನಮ್ಮ ಹುರುಳಿ ಹೊಲಕ್ಕೆ ಕಾಡೆಮ್ಮೆಗಳು ಇಳಿಯುತ್ತಿವೆ ಎಂದು ಸುದ್ದಿಯಾಯಿತು. ಕಾಡೆಮ್ಮೆಯನ್ನು ನೀವು ನೋಡಿಲ್ಲ. ಗುಡ್ಡದಂಥ ಮೈ, ಕರಿ ಬಣ್ಣ, ಮೊಣಕಾಲಿನಿಂದ ಕೆಳಗೆ ಮಾತ್ರ ಕಾಲುಚೀಲ ತೊಟ್ಟ ಹಾಗೆ ಬೆಳ್ಳಗೆ. ಭಾವನವರಿಗೆ ನಿದ್ದೆ ಹಾರಿತು. ಬೆಳೆ ಹೋಗುತ್ತದೆ ಎಂಬ ಸಂಕಟದಿಂದಲ್ಲ, ದೊಡ್ಡ ಪ್ರಾಣಿಗೆ ಸಣ್ಣ ಗುಂಡು ಸಾಕು ಎಂದು ತೋರಿಸುವ ದಿನ ಬಂತೆಂಬ ಸಂತೋಷಕ್ಕೆ. ಮೇಷ್ಟ್ರನ್ನು ಸಾಕ್ಷಿಗೆಂದು ಹನೂರಿನಿಂದ ಕರೆಸಿ ಜಗಲಿಯ ಮೇಲೆ ಕೂರಿಸಿ, ಹೊತ್ತು ಮುಳುಗುವ ಮುಂಚೆ ಹೊಲಕ್ಕೆ ಹೊರಟರು. ಮೆದುಮೂಗಿನ ಗುಂಡನ್ನೇ ತುಂಬಿಕೊಂಡರು.

ಅವತ್ತು ಚುಕ್ಕಿ ಮೇಯಲು ಹೋದವಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೆರೆಯ ನೀರು ಹಿಂದಕ್ಕೆ ಸರಿದು ಅಂಚಿನಲ್ಲಿ ಬಿಳಿ ಜೇಡಿಮಣ್ಣು ಎದ್ದಿದ್ದ ಕಾಲ. ನಾನು ಬಾನಿಯಲ್ಲಿ ಕಲಗಚ್ಚು ಕಲಸಿಟ್ಟುಕೊಂಡು ಅಂಗಳದಲ್ಲಿ ನಿಂತು ಕರೆಯುತ್ತಿದ್ದೆ. ಹೊಲದ ಕಡೆ ಒಂದು ಸದ್ದಾಯಿತು. ಅಪ್ಪನ ಬಂದೂಕದಂತೆ ಗುಡುಗುವ ಸದ್ದಲ್ಲ, ಒಣಗಿದ ಕಡ್ಡಿ ಮುರಿದಂಥ ಸದ್ದು.

ಸ್ವಲ್ಪ ಹೊತ್ತಿಗೆ ಭಾವ ಏದುಸಿರು ಬಿಡುತ್ತ ಬಂದರು. ಮುಖದಲ್ಲಿ ಅಂಥ ಬೆಳಕನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ.

"ಮೇಷ್ಟ್ರೇ, ಆಯ್ತು. ಕಾಡೆಮ್ಮೆ. ಒಂದೇ ಗುಂಡು."

"ಬಿತ್ತಾ?"

"ಮುಗ್ಗರಿಸ್ತು. ಭುಜುಕ್ಕೆ ಸರ್ಯಾಗಿ ಕೊಟ್ಟಿದ್ದೀನಿ. ಬಿಳೀ ಕಾಲು ನಾಕೂ ಕಂಡ್ವು ಕಣ್ರಿ, ಸುಣ್ಣ ಬಳ್ದಂಗೆ. ಪೊದೆ ಒಳಕ್ಕೆ ನುಗ್ತು."

"ಆಮ್ಯಾಕೆ?"

"ಆಮ್ಯಾಕೇನು. ಮುಂದುಕ್ಕೋಗಿ ಸತ್ತಿರ್ತದೆ."

ಅವರು ಆ ಮಾತು ಮುಗಿಸುವುದಕ್ಕೂ ಚುಕ್ಕಿ ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ನಾಲ್ಕು ಕಾಲಿಗೂ ಮೊಣಕಾಲಿನವರೆಗೆ ಜೇಡಿಮಣ್ಣು ಮೆತ್ತಿ ಬೆಳ್ಳಗಾಗಿತ್ತು. ಮುಂಗಾಲನ್ನು ಒಂದಿಷ್ಟು ಎಳೆಯುತ್ತಿದ್ದಳು. ಭುಜದಿಂದ ರಕ್ತ ಇಳಿದು ಬಿಳಿಯ ಮೇಲೆ ಕೆಂಪು ಗೆರೆ ಎಳೆದಿತ್ತು. ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು ಬಾನಿಗೆ ಬಾಯಿ ಹಾಕಿದಳು.

ಭಾವ ಹೊಡೆದ ಪ್ರಾಣಿಗಳಲ್ಲೆಲ್ಲ ಮುಂದಕ್ಕೆ ಹೋಗಿ ಏನಾಯಿತು ಎಂದು ಬಂದು ತೋರಿಸಿದವಳು ಇವಳೊಬ್ಬಳೇ. ಉಳಿದವಕ್ಕೆ ಹಿಂದಿರುಗಲು ಮನೆಯಿರಲಿಲ್ಲ, ಕಲಗಚ್ಚು ಹಿಡಿದು ಕರೆಯುವವರೂ ಇರಲಿಲ್ಲ.

ಮೇಷ್ಟ್ರು ಜಗಲಿಯಿಂದ ಇಳಿದು ಎಮ್ಮೆಯನ್ನು ನೋಡಿದರು. ಆಮೇಲೆ, "ಹಣೇಲಿ ಬೊಟ್ಟದಲ್ಲ ಸ್ವಾಮಿ. ಅದು ಕಾಣ್ನಿಲ್ವಾ?" ಎಂದರು. ಭಾವ ಒಳಗೆ ಹೋದರು. ಆನೆ ತಿರುಗುವ ದಾರಿಯಾದ್ದರಿಂದ ಮೇಷ್ಟ್ರು ಆ ದಿನ ನಮ್ಮಲ್ಲೇ ಉಳಿದರು.

ಬೆಳಗಾಗುವ ಹೊತ್ತಿಗೆ ಚುಕ್ಕಿಯ ಭುಜ ಊದಿತ್ತು. ಮಲಗಿದ್ದವಳು ಏಳಲಿಲ್ಲ, ಹಿಂಡಿ ಮೂಸಿ ಮುಖ ತಿರುಗಿಸಿದಳು. ನಾನು ಅರಿಸಿನ ಅರೆಯಲು ಒಳಗೆ ಹೋಗಿ ಬರುವಷ್ಟರಲ್ಲಿ ಭಾವ ರೈಫಲು ಹಿಡಿದುಕೊಂಡು ಕೊಟ್ಟಿಗೆಯ ಮುಂದೆ ನಿಂತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಊರಿನ ಹೆಂಗಸರು ಚೊಂಬು ಹಿಡಿದು ಮಜ್ಜಿಗೆಗೆ ಬರುವವರು. ಅವರು ಬಂದರೆ ಎಮ್ಮೆಯನ್ನು ನೋಡುತ್ತಾರೆ, ನೋಡಿದರೆ ಕೇಳುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹನೂರಿನವರೆಗೂ ಸುದ್ದಿ. ಎಮ್ಮೆಯೇ ಇಲ್ಲದಿದ್ದರೆ ಕೇಳುವುದೂ ಇಲ್ಲ. ಇದು ನನ್ನ ಊಹೆ. ಭಾವ ಬಾಯಲ್ಲಿ ಹೇಳಿದ್ದು ಬೇರೆ.

"ನರಳ್ತಾ ಅದೆ. ಒಂದು 'ಡಂ' ಅನ್ಸಿ ಮುಗಿಸ್ಬುಟ್ರೆ ಅದುಕ್ಕೂ ಪುಣ್ಯ, ನಮ್ಗೂ ಪುಣ್ಯ."

ಅತ್ತೆ ಅವರ ತೋಳು ಹಿಡಿದರು. "ಬ್ಯಾಡ ಕಣ್ಲಾ ನಂಜ. ಅದ್ರ ಆಲು ಕುಡ್ದಿದ್ದೀಯ."

"ನಿಂಗೆ ತಿಳಿಯಾಕಿಲ್ಲ, ಸುಮ್ನಿರವ್ವ. ಗುಂಡು ವಸಿ ಜಾಗ ತಪ್ತು, ಅಷ್ಟೆಯ. ಈ ಸಲ ಹಣೆಗೇ ಇಡ್ತೀನಿ. ಬೊಟ್ಟೂ ಅದೆ."

ಅತ್ತೆ ಕಣ್ಣು ಒರೆಸಿಕೊಂಡು ದೇವರ ಕೋಣೆಗೆ ಹೋದರು. ಯಜಮಾನನ ಮಾತನ್ನು ತಡೆಯಲು ಅವರಿಗೆ ತಿಳಿದಿದ್ದ ದಾರಿ ಅದೊಂದೇ. ನಿಮ್ಮ ತಾತ, "ಅಣ್ಣ, ವಸಿ ದಿನ ನೋಡಣ" ಎಂದದ್ದು ಅವರು ಒರಗಿದ್ದ ಕಂಬಕ್ಕೆ ಮಾತ್ರ ಕೇಳಿಸಿರಬೇಕು. ಅವರ ಮೇಲೆ ನನಗೆ ಕೋಪವಿಲ್ಲ. ಅಣ್ಣನ ಎದುರು ಅವರೂ ನನ್ನಂತೆಯೇ ಇದ್ದರು. ಅವರಿಗೆ ಸೆರಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೈಯಲ್ಲಿ ಅರಿಸಿನದ ಬಟ್ಟಲು. ರೂಢಿಯಂತೆ "ಚುಕ್ಕಿ" ಎಂದು ಶುರುಮಾಡಿದೆ. ಚುಕ್ಕಿ ಕಷ್ಟಪಟ್ಟು ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ಮಾತು ಅಲ್ಲೇ ನಿಂತುಹೋಯಿತು. ಯಾರನ್ನು ಕೊಲ್ಲಲು ಹೊರಟಿದ್ದಾರೋ ಅವಳ ಕೈಲೇ ಕೊಲ್ಲಬೇಡಿ ಎಂದು ಹೇಳಿಸುವುದು ಹೇಗೆ?

ಹೊಸಿಲು ದಾಟಿದೆ. ಸೆರಗು ತಲೆಯ ಮೇಲೆ ಇತ್ತೋ ಜಾರಿತ್ತೋ ತಿಳಿಯದು. ಹೋಗಿ ಎಮ್ಮೆಗೂ ಬಂದೂಕಕ್ಕೂ ನಡುವೆ ನಿಂತೆ. ಅಷ್ಟು ಹತ್ತಿರದಿಂದ ಭಾವನವರ ಮುಖವನ್ನು ನೋಡಿದ್ದು ಅದೇ ಮೊದಲು. ಮೂಗಿನ ಮೇಲೆ ಒಂದು ಮಚ್ಚೆ ಇತ್ತು.

"ಒಂದೇ ಸಾಕು ಅಂತಿದ್ರಲ್ಲ ಭಾವ" ಎಂದೆ. "ಒಂದು ಆಗೋಯ್ತು."

ಅಷ್ಟೇ ನಾನು ಹೇಳಿದ್ದು. ಜೋರಾಗಿಯೂ ಹೇಳಲಿಲ್ಲ. ಎರಡನೆಯದು ಹೊಡೆದರೆ ಸಣ್ಣ ಗುಂಡು ಒಂದು ಸಾಲದು ಎಂದು ಭಾವ ತಾವೇ ಒಪ್ಪಿದ ಹಾಗೆ. ಹೊಡೆಯದಿದ್ದರೆ ಎಮ್ಮೆ ಇರುತ್ತದೆ, ಊರು ನೋಡುತ್ತದೆ. ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ ಮೇಷ್ಟ್ರು ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದರು.

"ಅಮ್ಮಯ್ಯ ಏಳೋದೂ ನ್ಯಾಯವೇ ನಂಜುಂಡಪ್ನೋರೆ. ಎರಡ್ನೇದು ಒಡುದ್ರೆ ನಿಮ್ ವಾದ ಬಿದ್ದೋಯ್ತದೆ."

ಮೇಷ್ಟ್ರಿಗೆ ಎಮ್ಮೆಯ ಪ್ರಾಣ ಮುಖ್ಯವಾಗಿರಲಿಲ್ಲ, ವಾದ ಮುಖ್ಯವಾಗಿತ್ತು. ಇರಲಿ. ಪ್ರಾಣ ಉಳಿದದ್ದು ವಾದದಿಂದಲೇ.

ಭಾವ ರೈಫಲನ್ನು ಕೆಳಗಿಳಿಸಿ, ಗುಂಡನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡರು. ಗೋಡೆಯ ಕಡೆ ತಿರುಗಿ, "ಬೇವಿನೆಣ್ಣೆ ಇದ್ರೆ ಯಾರಾದ್ರೂ ಅಚ್ಚಿ" ಎಂದು ಹೇಳಿ ಹೊರಟುಹೋದರು. ಚುಕ್ಕಿಗೆ ಹೇಳುವಂತಿರಲಿಲ್ಲವಲ್ಲ.

ಆ ಮೇಲೆ ನಾನೂ ನಿಮ್ಮ ತಾತನೂ ಬೇವಿನೆಣ್ಣೆ, ಅರಿಸಿನ ಎಂದು ತಿಳಿದದ್ದನ್ನೆಲ್ಲ ಮಾಡಿದೆವು. ಒಂದು ದಿನ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದಾಗ ತಾತ ನನ್ನ ಮುಖ ನೋಡದೆ, "ನಿಂಗೆ ಇಂಥಾ ದನಿ ಅದೆ ಅಂತ ನಂಗೆ ಗೊತ್ತೇ ಇರ್ನಿಲ್ಲ" ಎಂದರು. "ನಂಗೂ ಗೊತ್ತಿರ್ನಿಲ್ಲ" ಎಂದೆ. ಬಾವು ಹಣ್ಣಾಗಿ ಒಡೆದು, ಕೀವಿನ ಜೊತೆ ಗುಂಡು ಹುಲ್ಲಿನ ಮೇಲೆ ಬಿತ್ತು. ತೊಳೆದು ನೋಡಿದರೆ ಎಸಳು ಎಸಳಾಗಿ ಬಿರಿದು ಹೂವಾಗಿತ್ತು. ಅರಳುತ್ತದೆ ಎಂದಿದ್ದರು, ಅರಳಿತ್ತು. ಚರ್ಮದ ಕೆಳಗೇ, ಮಾಂಸಕ್ಕೆ ಇಳಿಯುವ ಮುಂಚೆಯೇ, ಬಾಗಿಲಲ್ಲೇ ಕೊಡೆ ಬಿಚ್ಚಿದ ಹಾಗೆ. ಕವಚದ ಗುಂಡನ್ನು ಆರಿಸಿದ್ದರೆ ಚುಕ್ಕಿ ಉಳಿಯುತ್ತಿರಲಿಲ್ಲ. ಅವರ ಹೆಡ್ಡತನಕ್ಕೆ ನಾನು ಋಣಿಯಾಗಿರುವುದು ಇದೊಂದು ವಿಷಯದಲ್ಲಿ.

ಚುಕ್ಕಿ ಎದ್ದಳು. ಒಂದಿಷ್ಟು ಕುಂಟು ಉಳಿಯಿತು. ಮುಂದೆ ಕರು ಹಾಕಿದಳು, ಹಾಲು ಕರೆದಳು, ಅದರ ಮಜ್ಜಿಗೆಯನ್ನು ಭಾವನವರೂ ಕುಡಿದರು. ಇಷ್ಟಾದ ಮೇಲೆ ಅವರು ಬಾಯಿ ಮುಚ್ಚಿಕೊಂಡರು ಎಂದು ನೀವು ತಿಳಿದರೆ ಗಂಡಸರನ್ನು ನೀವು ಕಂಡಿಲ್ಲ. ಊರಿನವರು ಕುಂಟುವ ಎಮ್ಮೆಯ ವಿಷಯ ಕೇಳಿದರೆ, "ನೋಡಿ, ಸಣ್ಣ ಗುಂಡಾದ್ದುಕ್ಕೆ ಉಳ್ಕೊಂತು. ದಪ್ಪ ಗುಂಡಾಗಿದ್ರೆ ಏನ್ ಗತಿ" ಎನ್ನುತ್ತಿದ್ದರು. ಕೊಲ್ಲುವುದಕ್ಕೆ ಅದೇ ಒಳ್ಳೆಯದು ಎಂದು ಎರಡು ಸುಗ್ಗಿ ವಾದಿಸಿದವರು, ಉಳಿಸುವುದಕ್ಕೂ ಅದೇ ಒಳ್ಳೆಯದು ಎಂದು ಇನ್ನೆರಡು ಸುಗ್ಗಿ ವಾದಿಸಿದರು. ಆದರೆ ಬೆಟ್ಟದ ಕಡೆಗೆ ಮತ್ತೆ ಹೋಗಲಿಲ್ಲ. ಕೊಳ್ಳೇಗಾಲ ಮೈಸೂರಿಗೆ ಸೇರುವ ಹೊತ್ತಿಗೆ ರೈಫಲು ಅಟ್ಟದ ಮೇಲೆ ತುಕ್ಕು ಹಿಡಿದು, ಇಲಿಗಳು ಅದರ ಚೀಲದಲ್ಲಿ ಮರಿ ಹಾಕಿದ್ದವು.

ಒಂದು ಮಾತು ಮಾತ್ರ ಅವರ ಬಾಯಿಂದ ಹೋಗಿಯೇ ಹೋಯಿತು. ಊಟಕ್ಕೆ ಕೂತಾಗ ಮೊದಲನೆಯ ಮುದ್ದೆ ಮುಗಿದರೆ, ಎರಡನೆಯದನ್ನು ಹಿಡಿದು ಬಂದ ಅತ್ತೆಗೆ ಮುಂಚೆಯೆಲ್ಲ ಕೈ ಅಡ್ಡ ಹಿಡಿದು, "ಒಂದೇ ಸಾಕು ಕಣವ್ವ" ಎನ್ನುತ್ತಿದ್ದರು. ಆ ಬೆಳಗಿನ ನಂತರ ಕೈ ಅಡ್ಡ ಬರುತ್ತಿತ್ತು, "ಒಂದೇ" ಎಂಬುದೂ ಬರುತ್ತಿತ್ತು, ಬಾಗಿಲ ಮರೆಯಲ್ಲಿ ನಿಂತ ನನ್ನ ಸೆರಗು ಕಾಣಿಸುತ್ತಿತ್ತು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಕೈ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಎರಡನೆಯ ಮುದ್ದೆ ತಟ್ಟೆಗೆ ಬೀಳುತ್ತಿತ್ತು. ಅತ್ತೆ ಹೋದ ಮೇಲೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಇರುವವರೆಗೂ ಎರಡು ಮುದ್ದೆ ತಿಂದರು. ಕೊನೆಗಾಲದಲ್ಲಿ ಅವರಿಗೆ ಬಂದ ಹೊಟ್ಟೆಗೆ ಕೊಳ್ಳೇಗಾಲದ ಡಾಕ್ಟರು ಏನೇನೋ ಕಾರಣ ಹೇಳಿದರು. ನಾನು ಬಾಯಿ ಬಿಡಲಿಲ್ಲ.

ವೀಣಾ, ಆ ಹೂವನ್ನು ನೀನೇ ಇಟ್ಟುಕೋ. ಕಿವಿಗೆ ಹಾಕಿಕೊಳ್ಳಬೇಡ, ಎಮ್ಮೆಯ ಮೈಯಿಂದ ಬಂದದ್ದು. ಮಾದೇಶ, ಈ ಹಾಳೆಗಳು ನಿನ್ನ ಪಾಲಿಗೆ. ದೋಣಿ ಮಾಡಬೇಡ, ಪುಸ್ತಕಕ್ಕೆ ರಟ್ಟು ಹಾಕಬೇಡ, ಇಲಿ ಮುಟ್ಟದ ಕಡೆ ಜೋಪಾನವಾಗಿಡು. ನಾಲ್ಕು ಜನರ ಎದುರು ಇಷ್ಟು ಮಾತು ನಾನು ಇನ್ನೊಮ್ಮೆ ಆಡಲಾರೆ. ಮುಂದೆ ಯಾರಾದರೂ ಆ ಓಲೆಯ ಜೊತೆಯದು ಎಲ್ಲಿ ಎಂದು ಕೇಳಿದರೆ ಇವನ್ನು ತೆಗೆದು ಓದಿ ಹೇಳಿ. ಜೊತೆಯದು ಅರಳಲಿಲ್ಲ ಎನ್ನಿ, ಭಾವನವರ ಜೇಬಿನಲ್ಲೇ ಉಳಿಯಿತು.